ಬೆಂಗಳೂರಿನ ಬೇಟೆ ಹಕ್ಕಿಗಳ ಋತುಸಂಚಾರ ಮತ್ತು ಆಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಸ್ತಾ ಮಳೆ ಮುಗಿದು ಚಿತ್ತಾ ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿನ ಸುತ್ತಲಿನ ಕೆರೆ ಮತ್ತು ಹುಲ್ಲುಗಾವಲುಗಳಿಗೆ ಹೊಸ ಬೇಟೆ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳ ಜೊತೆಗೇ ಪ್ರಶ್ನೆಗಳೂ ಬರುತ್ತವೆ. ವಾರಾಂತ್ಯದ ಪಕ್ಷಿವೀಕ್ಷಣೆಯಲ್ಲಿ, ಕೆರೆಯ ಏರಿಯ ಮೇಲೆ, ಅಪಾರ್ಟ್‌ಮೆಂಟಿನ ಮಹಡಿಯಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಮೊದಲಿಗೆ ಹೆಸರುಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಆಕಾಶದಲ್ಲಿ ತೇಲುವ ದೊಡ್ಡ ಹಕ್ಕಿಗಳನ್ನೆಲ್ಲ ಹದ್ದು ಎಂದುಬಿಡುವುದು ರೂಢಿ. ಈ ಬರಹದಲ್ಲಿ ಕಂದು ಮೈಯ, ಕವಲು ಬಾಲದ ನಗರವಾಸಿ ಹಕ್ಕಿಯನ್ನು ಮಾತ್ರ ಹದ್ದು ಎಂದೂ, ಬಿಳಿ ತಲೆ, ಬಿಳಿ ಎದೆ ಮತ್ತು ಇಟ್ಟಿಗೆ ಬಣ್ಣದ ರೆಕ್ಕೆಗಳಿರುವುದನ್ನು ಗರುಡ ಎಂದೂ, ಹುಲ್ಲುಗಾವಲು ಹಾಗೂ ಜವುಗಿನ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆಯಾಡುವ ಹ್ಯಾರಿಯರ್ ಜಾತಿಯ ಹಕ್ಕಿಗಳನ್ನು ಸೆಳೆವ ಎಂದೂ ಕರೆಯಲಾಗಿದೆ.

ಬೇಟೆ ಹಕ್ಕಿಗಳು ಉತ್ತರದ ಚಳಿ ತಾಳಲಾರದೆ ಇಲ್ಲಿಗೆ ಬರುತ್ತವೆಯೇ?

ಸಾಮಾನ್ಯವಾಗಿ ಹಾಗೆಂದು ಹೇಳಲಾಗುತ್ತದೆ, ಆದರೆ ಅದು ಅರ್ಧ ಸತ್ಯ. ಗರಿಯ ಹೊದಿಕೆಯಿರುವ ದೊಡ್ಡ ಹಕ್ಕಿಯೊಂದು ಹೊಟ್ಟೆ ತುಂಬಿದ್ದರೆ ಸಾಕಷ್ಟು ಚಳಿಯನ್ನು ತಡೆದುಕೊಳ್ಳಬಲ್ಲದು. ಅದು ತಡೆಯಲಾರದ್ದು ಹಸಿವನ್ನು. ಕಜಕಿಸ್ತಾನದ ಬಯಲುಗಳಲ್ಲಿ ಹಿಮ ಬಿದ್ದರೆ ಅಲ್ಲಿನ ಇಲಿಗಳು ಹಿಮದಡಿಯ ಬಿಲಗಳಲ್ಲಿ ಓಡಾಡುತ್ತವೆ, ಮಿಡತೆಗಳು ಮೊಟ್ಟೆಯಿಟ್ಟು ಸತ್ತಿರುತ್ತವೆ, ಓತಿ ಮತ್ತು ಹಾವುಗಳು ನೆಲದೊಳಗೆ ನಿದ್ದೆ ಹೋಗಿರುತ್ತವೆ, ಸಣ್ಣ ಹಕ್ಕಿಗಳು ಆಗಲೇ ದಕ್ಷಿಣಕ್ಕೆ ಹೊರಟುಹೋಗಿರುತ್ತವೆ. ಊಟದ ಎಲೆಯೇ ಖಾಲಿಯಾದ ಮೇಲೆ ಕೂತಿದ್ದು ಪ್ರಯೋಜನವಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಇದೆ. ಹಾವುಗಳನ್ನೇ ಮುಖ್ಯ ಆಹಾರ ಮಾಡಿಕೊಂಡ, ತಿಳಿಬಣ್ಣದ ಹೊಟ್ಟೆಯ, ದಪ್ಪ ತಲೆಯ ಒಂದು ಗಿಡುಗ ಅಲ್ಲಿ ವರ್ಷವಿಡೀ ಕಾಣಸಿಗುತ್ತದೆ. ಅದೇ ಜಾತಿಯ ಹಕ್ಕಿಗಳು ಯೂರೋಪಿನಲ್ಲಿ ಬೇಸಿಗೆ ಕಳೆದೊಡನೆ ಸಹಾರಾ ದಾಟಿ ಆಫ್ರಿಕಕ್ಕೆ ಹೋಗುತ್ತವೆ, ಏಕೆಂದರೆ ಯೂರೋಪಿನ ಹಾವುಗಳು ಚಳಿಗಾಲದಲ್ಲಿ ಹೊರಗೆ ಬರುವುದಿಲ್ಲ. ನಮ್ಮ ಹಾವುಗಳು ಜನವರಿಯಲ್ಲೂ ಬಿಸಿಲು ಕಾಯಲು ಬರುತ್ತವೆ. ಹಾಗಾಗಿ ಒಂದೇ ಜಾತಿಯ ಹಕ್ಕಿ ಅಲ್ಲಿ ವಲಸಿಗ, ಇಲ್ಲಿ ನಿವಾಸಿ. ಹಕ್ಕಿಗಳನ್ನೇ ಬೇಟೆಯಾಡುವ ಪೆರೆಗ್ರಿನ್ ಬೈರಿಯದೂ ಇದೇ ಕಥೆ. ಧ್ರುವದ ಹತ್ತಿರದ ತಂಡ್ರಾ ಪ್ರದೇಶದಲ್ಲಿ ಮರಿ ಮಾಡುವ ಬೈರಿಗಳು ಅಲ್ಲಿನ ನೀರುಹಕ್ಕಿಗಳು ಹೊರಟಾಗ ತಾವೂ ಹೊರಟು ನಮ್ಮಲ್ಲಿಗೂ ಬರುತ್ತವೆ. ಶಾಹೀನ್ ಎಂದು ಕರೆಯುವ ನಮ್ಮ ನಾಡಿನ ಬೈರಿಗಳು ಬಂಡೆಬೆಟ್ಟಗಳನ್ನು ಬಿಟ್ಟು ದೂರ ಹೋಗುವುದಿಲ್ಲ.

ಹಾಗಾದರೆ ಆಹಾರ ಮುಗಿದ ಮೇಲೆ ಹೊರಡುತ್ತವೆಯೇ, ಮುಗಿಯುವ ಮೊದಲೇ ಹೊರಡುತ್ತವೆಯೇ?

ಬಹುಪಾಲು ಮೊದಲೇ ಹೊರಡುತ್ತವೆ. ಹೊಟ್ಟೆ ಬೆನ್ನಿಗೆ ಹತ್ತಿದ ಮೇಲೆ ಸಾವಿರಾರು ಕಿಲೋಮೀಟರ್ ಹಾರುವುದು ಆಗದ ಮಾತು. ಹಗಲಿನ ಅವಧಿ ಕಡಿಮೆಯಾಗುವುದನ್ನು ಹಕ್ಕಿಯ ದೇಹ ಗುರುತಿಸುತ್ತದೆ, ಹಸಿವು ಹೆಚ್ಚುತ್ತದೆ, ಚರ್ಮದ ಕೆಳಗೆ ಕೊಬ್ಬು ಕೂಡುತ್ತದೆ, ಆಮೇಲೆ ಪ್ರಯಾಣ. ಹಗಲಿನ ಉದ್ದ ಇಲ್ಲಿ ಗಂಟೆ ಬಾರಿಸುವ ಕೆಲಸ ಮಾಡುತ್ತದೆ. ಆ ಗಂಟೆಯನ್ನು ಅಲ್ಲಿ ಕಟ್ಟಿಸಿದ್ದು ತಲೆತಲಾಂತರದ ಆಹಾರದ ಏರಿಳಿತ. ಆದರೆ ಎಲ್ಲ ಜಾತಿಗಳಿಗೂ ಈ ಗಂಟೆ ಇಲ್ಲ. ಇಲಿ ಅಥವಾ ಮಿಡತೆ ಹೆಚ್ಚಾದ ಕಡೆ ಬಂದು ನೆಲೆಸಿ, ಕಡಿಮೆಯಾದಾಗ ಎದ್ದು ಹೋಗುವ ಅಲೆಮಾರಿಗಳೂ ಇವೆ. ರಾಗಿ ಹೊಲಗಳ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಕೆಳಗೆ ದಿಟ್ಟಿಸುವ, ಕೆಂಪು ಕಣ್ಣಿನ, ಬಿಳಿ ಮೈಗೆ ಕಪ್ಪು ಹೆಗಲಿರುವ ಚಿಕ್ಕ ಬೇಟೆ ಹಕ್ಕಿ ಅಂಥದ್ದು. ಇಲಿ ಸಿಕ್ಕರೆ ಅದು ವರ್ಷದ ಹೆಚ್ಚುಕಡಿಮೆ ಯಾವ ತಿಂಗಳಲ್ಲಾದರೂ ಗೂಡು ಕಟ್ಟಬಲ್ಲದು.

ಬೆಂಗಳೂರಿನ ಸುತ್ತ ಯಾವ ಬೇಟೆ ಹಕ್ಕಿ ಯಾವ ಕಾಲದಲ್ಲಿ ಕಾಣುತ್ತದೆ?

ಜವುಗು ಸೆಳೆವ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್, ಏಪ್ರಿಲ್‌ವರೆಗೆ ಹೊಸಕೋಟೆ ಕೆರೆಯಂಥ ಆಪು ಬೆಳೆದ ಕೆರೆಗಳಲ್ಲಿರುತ್ತದೆ. ಅದೇ ಹೊತ್ತಿಗೆ ಬಾತುಗಳೂ ಗೊರವಗಳೂ ಬಂದಿರುತ್ತವೆ ಎಂಬುದು ಕಾಕತಾಳೀಯವಲ್ಲ. ಬೈರಿಯ ಬಳಗದ ಪುಟ್ಟ ಹಕ್ಕಿ ಚಾಣ, ಕಾಲಿನ ತುದಿಯವರೆಗೆ ಗರಿಯಿರುವ ಬೂಟೆಡ್ ಗಿಡುಗ, ಮಾಂಟೆಗ್ಯೂ ಮತ್ತು ಪ್ಯಾಲಿಡ್ ಸೆಳೆವಗಳು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅತಿಥಿಗಳು. ಮೀನನ್ನೇ ತಿನ್ನುವ ಆಸ್ಪ್ರೆ ಚಳಿಗಾಲದಲ್ಲಿ ದೊಡ್ಡ ಕೆರೆಗಳ ಮೇಲೆ ಆಗಾಗ ಕಾಣಸಿಗುತ್ತದೆ. ಹದ್ದು, ಗರುಡ ಮತ್ತು ಶಿಕ್ರಾ ಎಂಬ ಪುಟ್ಟ ಗಿಡುಗ ವರ್ಷವಿಡೀ ಇರುತ್ತವೆ, ಆದರೆ ಇರುವ ಜಾಗ ಮತ್ತು ಸಂಖ್ಯೆ ಬದಲಾಗುತ್ತದೆ. ಆ ಬದಲಾವಣೆಯನ್ನು ನಾವು ಸಾಕಷ್ಟು ಗಮನಿಸುವುದಿಲ್ಲ ಎಂಬುದು ನನ್ನ ಆಕ್ಷೇಪ. ದೂರದಿಂದ ಬಂದ ಹಕ್ಕಿಗೆ ಕ್ಯಾಮೆರಾ ಹಿಡಿಯುವವರು ತಲೆಯ ಮೇಲಿನ ಹದ್ದನ್ನು ಎಣಿಸುವುದಿಲ್ಲ.

ಸೆಳೆವಗಳು ಹೆಸರಘಟ್ಟವನ್ನೇ ಏಕೆ ಆರಿಸಿಕೊಳ್ಳುತ್ತವೆ?

ಹೆಸರಘಟ್ಟ ಎಂದರೆ ಬಹಳ ಜನರಿಗೆ 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಮಾಡಿದ ಕೆರೆ ನೆನಪಾಗುತ್ತದೆ. ಸೆಳೆವಗಳಿಗೆ ಮುಖ್ಯವಾದದ್ದು ಕೆರೆಯಲ್ಲ, ಅದರ ಪಕ್ಕದ ಹುಲ್ಲುಗಾವಲು. ಮುಂಗಾರಿನಲ್ಲಿ ಬೆಳೆದ ಹುಲ್ಲು ಅಕ್ಟೋಬರ್ ಹೊತ್ತಿಗೆ ಮೊಣಕಾಲು ಮುಟ್ಟುತ್ತದೆ; ಅದರಲ್ಲಿ ಮಿಡತೆಗಳು, ನೆಲಗುಬ್ಬಿ ಮತ್ತು ಪಿಪಳೀಕಗಳಂಥ ನೆಲದ ಹಕ್ಕಿಗಳು, ಇಲಿಗಳು ಎಲ್ಲವೂ ತುಂಬಿರುತ್ತವೆ. ಸೆಳೆವಕ್ಕೆ ಗೂಬೆಯಂತೆ ಮುಖದ ಸುತ್ತ ಗರಿಯ ತಟ್ಟೆಯೊಂದಿದ್ದು, ಅದು ಸದ್ದನ್ನು ಕಿವಿಯತ್ತ ಒಯ್ಯುತ್ತದೆ. ಆದ್ದರಿಂದ ಅದು ಆಳೆತ್ತರದಲ್ಲಿ ಸದ್ದಿಲ್ಲದೆ ತೇಲುತ್ತ, ಹುಲ್ಲಿನೊಳಗಿನ ಸರಸರ ಕೇಳಿದಲ್ಲಿ ತಟಕ್ಕನೆ ಮಗುಚಿ ಕೆಳಗೆ ಬೀಳುತ್ತದೆ. ಮರಗಳಿದ್ದ ಕಡೆ ಈ ಬಗೆಯ ಬೇಟೆ ಸಾಧ್ಯವೇ ಇಲ್ಲ. ಹುಲ್ಲುಗಾವಲನ್ನು ಬಂಜರು ಎಂದು ಬಗೆದು ಸಸಿ ನೆಡಲು ಹೊರಡುವ ಸದುದ್ದೇಶದ ಜನರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬೇಟೆಯಷ್ಟೇ ಮುಖ್ಯವಾದದ್ದು ರಾತ್ರಿಯ ತಂಗುದಾಣ. ಸೆಳೆವಗಳು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನ ನಡುವೆ ಗುಂಪಾಗಿ ಮಲಗುತ್ತವೆ. ಗುಜರಾತಿನ ವೇಳಾವದರ್, ಆಂಧ್ರದ ರೋಳ್ಳಪಾಡು ಮುಂತಾದವು ಇಂಥ ತಂಗುದಾಣಗಳಿಗೆ ಹೆಸರಾದವು. ನಮ್ಮ ಹೆಸರಘಟ್ಟವೂ ಆ ಪಟ್ಟಿಯಲ್ಲಿದೆ. ಬೆಳಗ್ಗೆ ಹಕ್ಕಿಗಳು ಹೊರಟ ಮೇಲೆ ಅವು ಮಲಗಿದ್ದ ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಬೂದುಬಣ್ಣದ ಉಂಡೆಗಳು ಬಿದ್ದಿರುತ್ತವೆ. ಇವು ಹಿಕ್ಕೆಗಳಲ್ಲ; ಜೀರ್ಣವಾಗದ ಭಾಗಗಳನ್ನು ಹಕ್ಕಿ ಬಾಯಿಯಿಂದ ಹೊರಹಾಕಿದ ಉಂಡೆಗಳು. ಒಮ್ಮೆ ಅಂಥದ್ದೊಂದನ್ನು ಬಿಳಿ ಹಾಳೆಯ ಮೇಲಿಟ್ಟು ನೀರು ಚಿಮುಕಿಸಿ ಸೂಜಿಯಿಂದ ಬಿಡಿಸಿದ್ದೆ. ಮೇಲ್ಪದರದಲ್ಲಿ ಇಲಿಯ ಕೂದಲು, ಒಳಗೆ ಗರಗಸದ ಹಲ್ಲಿನಂಥ ಮುಳ್ಳುಗಳಿರುವ ಮಿಡತೆಯ ಹಿಂಗಾಲುಗಳು, ಮೆಂತ್ಯದ ಕಾಳಿನಷ್ಟು ಗಟ್ಟಿಯಾದ ಕಂದು ದವಡೆಗಳು, ನಡುವೆ ಒಂದೇ ಒಂದು ಪುಟ್ಟ ಗರಿ. ಒಂದು ಹಕ್ಕಿಯ ಒಂದು ದಿನದ ಊಟದ ಲೆಕ್ಕ ಅಷ್ಟರಲ್ಲಿತ್ತು. ಸಂಶೋಧಕರು ಇಂಥ ನೂರಾರು ಉಂಡೆಗಳನ್ನು ಬಿಡಿಸಿಯೇ ಯಾವ ತಿಂಗಳಲ್ಲಿ ಮಿಡತೆ ಹೆಚ್ಚು, ಯಾವ ತಿಂಗಳಲ್ಲಿ ಹಕ್ಕಿ ಹೆಚ್ಚು ಎಂದು ಕಂಡುಕೊಳ್ಳುತ್ತಾರೆ. ನೀವು ಮಾತ್ರ ತಂಗುದಾಣದ ಒಳಗೆ ಸಂಜೆ ಕಾಲಿಡಬೇಡಿ. ಒಮ್ಮೆ ಎದ್ದ ಗುಂಪು ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕಾಗುತ್ತದೆ.

ಹೆಸರಘಟ್ಟದ ಸುತ್ತಲಿನ ಸುಮಾರು 5,600 ಎಕರೆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಆದರೆ ಸೆಳೆವ ಬೇಟೆಯಾಡುವುದು ಮೀಸಲಿನ ಗಡಿಯೊಳಗಷ್ಟೇ ಅಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲಾದಾಗ ಬಯಲಾಗುವ ಮಿಡತೆ, ಇಲಿಗಳಿಗಾಗಿ ಅದು ಸುತ್ತಲಿನ ಹೊಲಗಳಿಗೂ ಹೋಗುತ್ತದೆ. ಆ ಹೊಲಗಳು ಲೇಔಟ್ ಆಗುತ್ತ ಹೋದರೆ ಮಲಗಲು ಜಾಗ ಉಳಿದರೂ ಉಣ್ಣಲು ಇರುವುದಿಲ್ಲ.

ನಗರದ ಹದ್ದು ವಲಸೆ ಹೋಗುತ್ತದೆಯೇ?

ನಾವು ದಿನವೂ ನೋಡುವ ಹದ್ದು ನಿವಾಸಿ ಹಕ್ಕಿಯೇ. ಆದರೆ ನಿವಾಸಿ ಎಂದರೆ ಒಂದೇ ಬೀದಿಗೆ ಕಟ್ಟುಬಿದ್ದದ್ದು ಎಂದಲ್ಲ. ನೈರುತ್ಯ ಮಾರುತದ ಜಡಿಮಳೆ ಬೀಳುವ ಪ್ರದೇಶಗಳಿಂದ ಹದ್ದುಗಳು ಮಳೆಗಾಲದಲ್ಲಿ ಸರಿದು ಒಣ ಸೀಮೆಯತ್ತ ಬರುತ್ತವೆ. ಕಾರಣ ಸರಳವಾದದ್ದು. ಹದ್ದು ರೆಕ್ಕೆ ಬಡಿದು ಬೇಟೆಯಾಡುವ ಹಕ್ಕಿಯಲ್ಲ. ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿಯ ಸುಳಿಯಲ್ಲಿ ಪುಕ್ಕಟೆಯಾಗಿ ಏರಿ, ಮೇಲಿನಿಂದ ಆಹಾರ ಹುಡುಕುವ ಹಕ್ಕಿ. ದಿನಗಟ್ಟಲೆ ಬಿಸಿಲೇ ಕಾಣದಿದ್ದರೆ ಏರುಗಾಳಿ ಇರುವುದಿಲ್ಲ, ಗರಿ ನೆನೆದು ಭಾರವಾಗುತ್ತದೆ, ಸಿಗುವ ಆಹಾರಕ್ಕಿಂತ ಹುಡುಕುವ ಖರ್ಚೇ ಹೆಚ್ಚಾಗುತ್ತದೆ. ಬೆಂಗಳೂರಿನ ಮಳೆ ಬೇರೆ ಬಗೆಯದು. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು ಮಳೆಯಾದರೂ ಅದು ಬಹುತೇಕ ಸಂಜೆಯ ಮೇಲೆ ಬಂದು ಹೋಗುತ್ತದೆ, ಬೆಳಗಿನ ಬಿಸಿಲು ಹಕ್ಕಿಗೆ ಉಳಿಯುತ್ತದೆ.

ಇದಲ್ಲದೆ ಕಪ್ಪು ಕಿವಿಯ ಹದ್ದು ಎಂಬ ಉಪಜಾತಿಯೊಂದಿದೆ. ಅದು ನಿಜವಾದ ವಲಸಿಗ. ದೆಹಲಿಯ ಘಾಜಿಪುರದ ಕಸದ ಗುಡ್ಡದ ಬಳಿ ಚಳಿಗಾಲ ಕಳೆಯುವ ಅಂಥ ಹದ್ದುಗಳಿಗೆ ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ಉಪಗ್ರಹ ಸಾಧನ ಕಟ್ಟಿ ನೋಡಿದಾಗ, ಅವು ಕಾರಕೋರಂ ಪರ್ವತಗಳನ್ನು ದಾಟಿ ಮಧ್ಯ ಏಷ್ಯಾದ ಬಯಲುಗಳಿಗೆ ಹೋಗುವುದು ತಿಳಿಯಿತು. ಕಸದ ರಾಶಿಯೊಂದು ಹಿಮಾಲಯದಾಚೆಯ ಹಕ್ಕಿಯ ಚಳಿಗಾಲದ ಗೊತ್ತುಗುರಿಯಾಗುವುದು ಸೋಜಿಗವೆನಿಸಬಹುದು, ಆದರೆ ಹಕ್ಕಿಗೆ ಬೇಕಾದದ್ದು ತಿಂಗಳುಗಟ್ಟಲೆ ನಂಬಬಹುದಾದ ಊಟ.

ಮೊದಲ ಮಳೆಯ ಸಂಜೆ ಹದ್ದುಗಳು ಗುಂಪಾಗಿ ಸುತ್ತುವುದೇಕೆ?

ಈಸಲು ಹುಳುಗಳಿಗಾಗಿ. ಭರಣಿ ಅಥವಾ ಕೃತ್ತಿಕಾ ಮಳೆ ಒಂದು ಹದ ಬಿದ್ದರೆ, ಒಣಗಿದ ನೆಲ ತೊಯ್ದು ಗೆದ್ದಲು ಹುತ್ತಗಳಿಂದ ರೆಕ್ಕೆ ಬಂದ ಹುಳುಗಳು ಹೊಗೆ ಎದ್ದಂತೆ ಏಳುತ್ತವೆ. ಮೈತುಂಬ ಕೊಬ್ಬು ತುಂಬಿಕೊಂಡ, ಓಡಿ ತಪ್ಪಿಸಿಕೊಳ್ಳಲು ಬಾರದ ಆಹಾರ ಇದು; ನಮ್ಮ ಹಳ್ಳಿಗಳಲ್ಲಿ ಈಸಲನ್ನು ಹುರಿದು ತಿನ್ನುವ ರೂಢಿ ಇದ್ದದ್ದು ಸುಮ್ಮನೆ ಅಲ್ಲ.

ಬಸವನಗುಡಿಯ ನಮ್ಮ ಮನೆಯ ಮಹಡಿಯಿಂದ ಒಂದು ಮೇ ತಿಂಗಳ ಸಂಜೆ ನೋಡಿದ್ದನ್ನು ಹೇಳುತ್ತೇನೆ. ಮಳೆ ನಿಂತು ಹತ್ತು ನಿಮಿಷವಾಗಿತ್ತು. ಎದುರಿನ ಖಾಲಿ ಸೈಟಿನ ಮೂಲೆಯಿಂದ ಈಸಲು ಏಳತೊಡಗಿತು. ಮೊದಲು ಕಾಗೆಗಳು, ಆಮೇಲೆ ಒಂದೊಂದಾಗಿ ಹದ್ದುಗಳು. ಹದ್ದು ಹುಳುವನ್ನು ಕೊಕ್ಕಿನಿಂದ ಹಿಡಿಯುವುದಿಲ್ಲ. ಹಾರುತ್ತಲೇ ಒಂದು ಕಾಲನ್ನು ಮುಂದೆ ಚಾಚಿ ಹುಳುವನ್ನು ಗಾಳಿಯಲ್ಲೇ ಮುಷ್ಟಿಗೆ ತೆಗೆದುಕೊಂಡು, ಕಾಲನ್ನು ಎದೆಯಡಿ ತಂದು, ತಲೆ ಬಗ್ಗಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಕಡಲೆಕಾಯಿ ತಿನ್ನುತ್ತ ನಡೆಯುವವರ ಕೈಯ ಚಲನೆ ನೆನಪಾಗುತ್ತದೆ. ಕತ್ತಲಾಗುವ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಹದ್ದುಗಳಿದ್ದವು. ಮರುದಿನ ಅದೇ ಜಾಗದಲ್ಲಿ ಎರಡೇ ಇದ್ದವು. ಋತುಸಂಚಾರ ಎಂದರೆ ಖಂಡಾಂತರ ಪ್ರಯಾಣವೇ ಆಗಬೇಕಿಲ್ಲ, ಒಂದು ಸಂಜೆಯ ಮಟ್ಟಿಗೆ ಊರಿನ ಹದ್ದುಗಳೆಲ್ಲ ಒಂದು ಬೀದಿಗೆ ಬಂದು ಸೇರುವುದೂ ಅದರದೇ ಚಿಕ್ಕ ರೂಪ.

ಗರುಡ ಕೆಲವು ತಿಂಗಳು ನಮ್ಮ ಕೆರೆಯಲ್ಲಿ ಕಾಣುವುದೇ ಇಲ್ಲ, ಎಲ್ಲಿಗೆ ಹೋಗುತ್ತದೆ?

ಬಹುಶಃ ಪಕ್ಕದ ಕೆರೆಗೆ. ಗರುಡ ಮೀನು, ಏಡಿ, ಕಪ್ಪೆ ಹಿಡಿಯುವ ಹಕ್ಕಿ. ಮೇಲ್ಮಟ್ಟದಲ್ಲಿರುವ ಅಥವಾ ಸತ್ತು ತೇಲುವ ಮೀನನ್ನು ಎತ್ತುವುದು ಅದಕ್ಕೆ ಸುಲಭ, ಆಸ್ಪ್ರೆಯ ಹಾಗೆ ನೀರಿನೊಳಕ್ಕೆ ಧುಮುಕುವುದು ಅದರ ಪಾಡಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ಮೀನುಗಳು ಗುಂಡಿಗಳಲ್ಲಿ ಸಿಕ್ಕಿಬಿದ್ದಾಗ ಗರುಡಗಳು ಅಲ್ಲಿ ಸೇರುತ್ತವೆ, ಕೆರೆ ಪೂರ್ತಿ ಒಣಗಿದರೆ ಬಿಡುತ್ತವೆ, ಕೋಡಿ ಬೀಳುವಷ್ಟು ತುಂಬಿದರೆ ಮೀನು ಚದುರಿಹೋಗುವುದರಿಂದ ಆಗಲೂ ಕಡಿಮೆಯಾಗುತ್ತವೆ. ಮಳೆಯ ಜೊತೆ ಸ್ಥಳ ಬದಲಿಸುವ ಈ ಗುಣ ಗರುಡದಲ್ಲಿ ಬೇರೆ ಪ್ರದೇಶಗಳಲ್ಲೂ ಕಂಡುಬಂದಿದೆ. ಎಳೆಯ ಗರುಡಕ್ಕೆ ಬಿಳಿ ತಲೆ ಇರುವುದಿಲ್ಲ, ಹದ್ದಿನಂತೆಯೇ ಕಂದು ಬಣ್ಣ. ಬಾಲ ನೋಡಿ: ಕವಲಿದ್ದರೆ ಹದ್ದು, ದುಂಡಗಿದ್ದರೆ ಗರುಡ.

ಇದರೊಂದಿಗೇ ಕೇಳಲಾಗುವ ಇನ್ನೊಂದು ಪ್ರಶ್ನೆ ತೇರಿನ ದಿನ ರಥದ ಮೇಲೆ ಗರುಡ ಸುತ್ತುವುದರ ಬಗ್ಗೆ. ನಂಬಿಕೆಯನ್ನು ಅಳೆಯುವುದು ಈ ಬರಹದ ಕೆಲಸವಲ್ಲ. ನಮ್ಮ ಬಹಳಷ್ಟು ರಥೋತ್ಸವಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲ ದಿನಗಳಲ್ಲಿ, ಮಧ್ಯಾಹ್ನದ ಹೊತ್ತಿಗೆ ನಡೆಯುತ್ತವೆ. ಏರುಗಾಳಿ ಬಲವಾಗಿರುವ ಹೊತ್ತು ಅದೇ, ಗರುಡ ಮೇಲೇರುವುದೂ ಆಗಲೇ ಎಂದಷ್ಟೇ ಹೇಳಬಲ್ಲೆ.

ವೈಮಾನಿಕ ಪ್ರದರ್ಶನದ ಸಮಯದಲ್ಲಿ ಮಾಂಸದ ಅಂಗಡಿ ಮುಚ್ಚಿಸುವುದರಿಂದ ಹದ್ದುಗಳು ನಿಜವಾಗಿ ದೂರ ಹೋಗುತ್ತವೆಯೇ?

ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ವಾಯುನೆಲೆಯ ಸುತ್ತ ಮಾಂಸ ಮಾರಾಟ ನಿಷೇಧಿಸುವುದು ರೂಢಿ. ಈ ವ್ಯಾಪ್ತಿ 2023ರಲ್ಲಿ 10 ಕಿ.ಮೀ. ಇದ್ದು, 2025ರಲ್ಲಿ 13 ಕಿ.ಮೀ.ಗೆ ಏರಿತು. ಹದ್ದು ವಿಮಾನಕ್ಕೆ ಬಡಿದರೆ ಅನಾಹುತವೇ ಆಗಬಹುದಾದ್ದರಿಂದ ಇದರ ಹಿಂದಿನ ತರ್ಕ ಸರಿಯಾದದ್ದು: ಹದ್ದು ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ಆಹಾರ. ಆದರೆ ಫೆಬ್ರವರಿ ಎಂದರೆ ಹದ್ದುಗಳು ಗೂಡು ಕಟ್ಟಿ ಮೊಟ್ಟೆ, ಮರಿ ನೋಡಿಕೊಳ್ಳುವ ಕಾಲ. ಗೂಡಿಲ್ಲದ ಹಕ್ಕಿಗಳು ಬೇರೆಡೆಗೆ ಹೋದಾವು, ಗೂಡಿರುವ ಜೋಡಿ ಗೂಡು ಬಿಟ್ಟು ಹೋಗುವುದಿಲ್ಲ. ಊಟಕ್ಕಾಗಿ ಇನ್ನೂ ದೂರ ಹಾರುತ್ತದೆ. ಕೆಲವು ವಾರಗಳ ನಿಷೇಧಕ್ಕಿಂತ ವರ್ಷವಿಡೀ ಮಾಂಸದ ತ್ಯಾಜ್ಯವನ್ನು ಮುಚ್ಚಿದ ಡಬ್ಬದಲ್ಲಿ ಸಾಗಿಸುವುದು ಹೆಚ್ಚು ಫಲ ಕೊಟ್ಟೀತು ಎಂಬುದು ನನ್ನ ಅಭಿಪ್ರಾಯ. ಹದ್ದನ್ನು ಸೆಳೆಯುವುದು ಅಂಗಡಿಯ ಕೊಕ್ಕೆಗೆ ತೂಗುಹಾಕಿದ ಮಾಂಸವಲ್ಲ, ರಸ್ತೆಬದಿಗೆ ಸುರಿದ ಕರುಳು, ಕೋಳಿಯ ಚರ್ಮ.

ಅಮುರ್ ಚಾಣ ಬೆಂಗಳೂರಿಗೆ ಬರುತ್ತದೆಯೇ?

ಇಲ್ಲಿ ತಂಗುವುದಿಲ್ಲ, ದಕ್ಷಿಣ ಭಾರತದ ಮೇಲೆ ಹಾದುಹೋಗುವಾಗ ಅದೃಷ್ಟವಿದ್ದವರಿಗೆ ಕಾಣಬಹುದು. ಪಾರಿವಾಳಕ್ಕಿಂತ ಹಗುರವಾದ, ಸುಮಾರು 150 ಗ್ರಾಂ ತೂಗುವ ಈ ಹಕ್ಕಿ ಪೂರ್ವ ಸೈಬೀರಿಯ ಮತ್ತು ಉತ್ತರ ಚೀನಾದಲ್ಲಿ ಮರಿ ಮಾಡಿ, ಆಫ್ರಿಕದ ದಕ್ಷಿಣ ಭಾಗಕ್ಕೆ ಹೋಗಿ ಬರುತ್ತದೆ. ಎರಡೂ ದಾರಿ ಸೇರಿದರೆ 20,000 ಕಿ.ಮೀ. ದಾಟುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಸುತ್ತ ಇವು ಲಕ್ಷಗಟ್ಟಲೆ ಸೇರುವುದು ಅಲ್ಲಿ ಆ ಹೊತ್ತಿಗೆ ಏಳುವ ಈಸಲನ್ನು ತಿಂದು ಕೊಬ್ಬು ಕೂಡಿಸಿಕೊಳ್ಳಲು. 2012ರಲ್ಲಿ ಅಲ್ಲಿ ಬಲೆ ಹಾಕಿ ಇವನ್ನು ಭಾರಿ ಸಂಖ್ಯೆಯಲ್ಲಿ ಕೊಂದದ್ದು ಹೊರಜಗತ್ತಿಗೆ ತಿಳಿಯಿತು. ಮರುವರ್ಷವೇ ಪಾಂಗ್ಟಿ ಮುಂತಾದ ಹಳ್ಳಿಗಳ ಜನ ಬೇಟೆ ನಿಲ್ಲಿಸಿದರು. 2013ರ ನವೆಂಬರ್‌ನಲ್ಲಿ ಮೂರು ಹಕ್ಕಿಗಳಿಗೆ ತಲಾ 5 ಗ್ರಾಂನ ಸಾಧನ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಡಲಾಯಿತು.

ಅರಬ್ಬೀ ಸಮುದ್ರವನ್ನು ಅವು ಒಂದೇ ಬೀಸಿಗೆ, ಹಗಲು ರಾತ್ರಿ ಎನ್ನದೆ ದಾಟುತ್ತವೆ. ಅದೇ ಕಾಲದಲ್ಲಿ ಭಾರತದಿಂದ ಮಾಲ್ಡೀವ್ಸ್ ಕಡೆಗೆ ಅಲೆದಾಡುವ ಏರೋಪ್ಲೇನ್ ಚಿಟ್ಟೆಗಳ ಹಿಂಡುಗಳು ಗಾಳಿಯೊಂದಿಗೆ ಸಾಗುತ್ತವೆ. ಚಾಣಗಳಿಗೆ ದಾರಿಯ ಬುತ್ತಿ ಈ ಚಿಟ್ಟೆಗಳೇ ಇರಬೇಕೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಊಹೆ ಮುಂದಿಟ್ಟರು. ಸೆಪ್ಟೆಂಬರ್ ಸಂಜೆ ನಮ್ಮ ಆಟದ ಮೈದಾನಗಳ ಮೇಲೆ ತೇಲುವ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳಲ್ಲಿ ಬಹುಪಾಲು ಅದೇ ಜಾತಿಯವು.

ಜೇನುಗೂಡಿನ ಮೇಲೆ ಎರಗುವ ಗಿಡುಗ ಯಾವುದು?

ಅದು ಜೇನುಗಿಡುಗ. ಅದಕ್ಕೆ ಬೇಕಾದದ್ದು ತುಪ್ಪಕ್ಕಿಂತ ಹೆಚ್ಚಾಗಿ ಎರಿಯೊಳಗಿನ ಮರಿಹುಳುಗಳು. ಮುಖದ ಮೇಲೆ ಹೆಂಚು ಹೊದಿಸಿದಂತೆ ಒತ್ತಾಗಿ ಕೂತ ಗಟ್ಟಿಗರಿಗಳು ಕುಟುಕಿನಿಂದ ಕಾಯುತ್ತವೆ. ನಮ್ಮ ಹೆಜ್ಜೇನುಗಳೂ ಋತುವಿನೊಂದಿಗೆ ಊರು ಬದಲಿಸುತ್ತವೆ: ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರದಲ್ಲಿ ನೂರಾರು ಹೆಜ್ಜೇನು ಗೂಡುಗಳು ಒಟ್ಟಿಗೇ ಕಟ್ಟಿ, ಹೂವಿನ ಕಾಲ ಮುಗಿದಾಗ ಒಟ್ಟಿಗೇ ಖಾಲಿಯಾಗುತ್ತವೆ. ಹೂವನ್ನು ಹಿಂಬಾಲಿಸಿ ಜೇನು, ಜೇನನ್ನು ಹಿಂಬಾಲಿಸಿ ಗಿಡುಗ. ಅಪಾರ್ಟ್‌ಮೆಂಟಿನ ಸಜ್ಜೆಗೆ ಕಟ್ಟಿದ ಗೂಡಿನಿಂದ ಹೆಜ್ಜೇನು ಏಕಾಏಕಿ ಎದ್ದು ಕೆರಳಿದಾಗ ಕಾರಣ ಯಾವಾಗಲೂ ಮಕ್ಕಳ ಕಲ್ಲೇ ಆಗಿರಬೇಕಿಲ್ಲ.

ಮಹಡಿಯ ಮೇಲೆ ಬಟ್ಟೆ ಒಣಗಿಸಲು ಹೋದರೆ ಹದ್ದು ತಲೆಗೆ ಎರಗುತ್ತದೆ. ಏನು ಮಾಡಬೇಕು?

ಹತ್ತಿರದ ಮರ ಅಥವಾ ಮೊಬೈಲ್ ಟವರ್‌ನಲ್ಲಿ ಗೂಡಿದೆ ಎಂದರ್ಥ. ಮೊಟ್ಟೆಗೆ ಸುಮಾರು ಒಂದು ತಿಂಗಳ ಕಾವು, ಮರಿ ಹಾರಲು ಮತ್ತೆ ಒಂದೂವರೆ, ಎರಡು ತಿಂಗಳು. ಅಲ್ಲಿಯವರೆಗೆ ಛತ್ರಿ ಹಿಡಿದು ಹೋಗಿ. ಗೂಡು ಕೀಳಿಸುವುದು ಕಾನೂನಿಗೆ ವಿರುದ್ಧ, ಅನಗತ್ಯ ಕೂಡ.

ಹದ್ದುಗಳಿಗೆ ಮಾಂಸದ ತುಂಡು ಹಾಕಬಹುದೇ?

ಹಾಕದಿರುವುದೇ ಒಳ್ಳೆಯದು. ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಸಿಕ್ಕರೆ ಹದ್ದುಗಳು ಅಲ್ಲಿ ದಟ್ಟವಾಗುತ್ತವೆ, ಆ ಬೀದಿಯಲ್ಲಿ ತಿಂಡಿ ಹಿಡಿದು ನಡೆಯುವ ಮಗುವಿನ ಕೈಗೆ ಉಗುರು ತಾಗುತ್ತದೆ, ಆಮೇಲೆ ಬೈಗುಳ ಹಕ್ಕಿಗೆ. ಬೇಸಿಗೆಯಲ್ಲಿ ಅಗಲವಾದ ತಟ್ಟೆಯಲ್ಲಿ ನೀರಿಡಿ, ಸಾಕು.

ರಾಮನಗರದ ರಣಹದ್ದುಗಳು ವಲಸೆ ಹೋಗುತ್ತವೆಯೇ?

ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಮಾಡುವ ಉದ್ದ ಕೊಕ್ಕಿನ ರಣಹದ್ದು ವಲಸಿಗನಲ್ಲ, ಆದರೆ ಸತ್ತ ದನ ಹುಡುಕುತ್ತ ದಿನವೊಂದಕ್ಕೆ ಬಹುದೂರ ಹೋಗಿ ಬರಬಲ್ಲದು. 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಬೆಟ್ಟವನ್ನು ಕಾಯ್ದರೂ ಊಟವನ್ನು ಕಾಯದಿದ್ದರೆ ಉಪಯೋಗವಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕ ಅವುಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳನ್ನು ಅಳಿವಿನಂಚಿಗೆ ತಂದಿತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಬಳಕೆಯನ್ನು 2023ರಲ್ಲಿ ನಿಷೇಧಿಸಲಾಗಿದೆ. ದನ ಸಾಕಿದವರು ಅವುಗಳ ಬದಲು ರಣಹದ್ದಿಗೆ ಹಾನಿ ಮಾಡದ ಮೆಲೊಕ್ಸಿಕಾಂ ಕೊಡಿ ಎಂದು ಪಶುವೈದ್ಯರನ್ನು ಕೇಳಬಹುದು.

ನಾನು ನೋಡಿದ್ದನ್ನು ಹೇಗೆ ಬರೆದಿಡಲಿ?

ಜಾತಿ, ಸಂಖ್ಯೆ, ಜಾಗ, ಸಮಯ ಇವಿಷ್ಟನ್ನು ಇ-ಬರ್ಡ್ ಆ್ಯಪ್‌ನಲ್ಲಿ ದಾಖಲಿಸಬಹುದು. ಅದರ ಟಿಪ್ಪಣಿಯ ಜಾಗವನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಅಲ್ಲಿ ಹಕ್ಕಿ ಏನು ತಿನ್ನುತ್ತಿತ್ತು, ಕಾಲಿನಲ್ಲಿ ಏನು ಹಿಡಿದಿತ್ತು, ಹಿಂದಿನ ದಿನ ಮಳೆಯಾಗಿತ್ತೇ, ಪಕ್ಕದ ಹೊಲ ಕೊಯ್ಲಾಗಿತ್ತೇ, ಕೆರೆಯ ನೀರು ಎಷ್ಟಿತ್ತು ಎಂದು ಎರಡು ಸಾಲು ಕನ್ನಡದಲ್ಲೇ ಬರೆಯಿರಿ. ಹದ್ದು ಕಂಡರೂ ಬರೆಯಿರಿ, ಒಂದೂ ಕಾಣದಿದ್ದ ದಿನವನ್ನೂ ಬರೆಯಿರಿ.